ರೇಷ್ಮೆಹುಳುವಿನ ರಕ್ತದಲ್ಲಿರುವ ಕಾವಲು: ಸಪ್ಪೆ ರೋಗದ ವಿಷಯವಾಗಿ ಒಂದು ಪಾಠ

(ಗೌಡಗೆರೆ ಹೋಬಳಿಯ ವ್ಯವಸಾಯದ ಇನ್ಸ್‌ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಪೀಠಿಕೆ

ಸಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯಲ್ಲಿಯೂ ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿಯೂ ಮಳೆಯನ್ನೇ ನಂಬಿದ ರಾಗಿ ಕಡಲೆಕಾಯಿಗಳ ಜೊತೆಗೆ, ಕೊಳವೆಬಾವಿಯ ಅಲ್ಪಸ್ವಲ್ಪ ನೀರಿನಿಂದ ಹಿಪ್ಪುನೇರಳೆಯನ್ನು ಬೆಳೆಸಿ ರೇಷ್ಮೆಹುಳುಗಳನ್ನು ಸಾಕುವ ರೈತರು ಇದ್ದಾರೆ. ಮಳೆ ಕೈಕೊಟ್ಟ ವರ್ಷದಲ್ಲಿ ಇಂತಹ ಸಂಸಾರಗಳಿಗೆ ಗೂಡಿನ ಹಣವೇ ಆಧಾರ. ಆ ಬೆಳೆಯು ಗೂಡು ಕಟ್ಟುವ ಹೊತ್ತಿಗೆ ಕೈಬಿಟ್ಟರೆ ಸೊಪ್ಪು, ಕೂಲಿ, ಮೊಟ್ಟೆಯ ಹಣ ಮೂರೂ ಹೋದಂತೆಯೇ.

ಈ ಹೋಬಳಿಯ ಒಂದು ಗ್ರಾಮದಲ್ಲಿ ಎದುರುಬದುರು ಮನೆಗಳ ಇಬ್ಬರು ರೈತರು, ಮುಂಗಾರಿನ ದಿನಗಳಲ್ಲಿ, ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ನೂರು ನೂರು ಮೊಟ್ಟೆಯ ಹುಳುಗಳನ್ನು ತಂದರು. ನಾಲ್ಕನೆಯ ಜ್ವರ ಎದ್ದು ನಾಲ್ಕು ದಿನಗಳಾದ ಮೇಲೆ ಒಬ್ಬರ ಮನೆಯಲ್ಲಿ ಹುಳುಗಳು ಸೊಪ್ಪು ಬಿಟ್ಟು, ಮೈ ಸಡಿಲವಾಗಿ, ತಟ್ಟೆಯ ಅಂಚಿನಲ್ಲಿ ಜೋತುಬಿದ್ದವು. ಎರಡು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಳುಗಳು ಕಪ್ಪಾಗಿ ಕೊಳೆತು ದುರ್ವಾಸನೆ ಹಬ್ಬಿತು. ಎದುರು ಮನೆಯವರ ಹುಳುಗಳು ಚಂದ್ರಿಕೆಗೆ ಏರಿ ಗೂಡು ಕಟ್ಟಿದವು. ನಾನು ಅಲ್ಲಿಗೆ ಹೋದಾಗ ನಷ್ಟಪಟ್ಟ ರೈತರು, “ಸ್ವಾಮಿ, ನಾನು ಪೇಟೆಯಿಂದ ಔಷಧಿ ತಂದು ಸೊಪ್ಪಿಗೆ ಬಳಿದೆ. ಅವರು ಬರೀ ಸುಣ್ಣ ಎರಚಿದರು. ಅವರ ಹುಳ ಗೂಡು ಕಟ್ಟಿತು, ನನ್ನ ಹುಳ ತಿಪ್ಪೆಗೆ ಹೋಯಿತು. ಇದು ಯಾವ ನ್ಯಾಯ?” ಎಂದು ಕೇಳಿದರು.

ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡಬೇಕಾದರೆ ರೋಗವನ್ನುಂಟುಮಾಡುವ ಬ್ಯಾಕ್ಟೀರಿಯವು ಹೇಗೆ ಬದುಕುತ್ತದೆ, ಹುಳುವು ತನ್ನ ಮೈಯೊಳಗೆ ಅದನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ತಿಳಿಯುವುದು ಅವಶ್ಯಕ. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಸಾವಧಾನವಾಗಿ ಓದಿ, ಹುಳು ಸಾಕುವ ನೆರೆಹೊರೆಯವರಿಗೂ ತಿಳಿಸಬೇಕೆಂದು ಪ್ರಾರ್ಥನೆ.

ರೋಗದ ಸ್ವರೂಪ

ಸಪ್ಪೆ ರೋಗವೆಂಬುದು ಒಂದೇ ಕಾರಣದಿಂದ ಬರುವ ರೋಗವಲ್ಲ. ಹಲವು ಜಾತಿಯ ಬ್ಯಾಕ್ಟೀರಿಯಗಳೂ ಕೆಲವು ವೇಳೆ ಅವುಗಳಿಗಿಂತಲೂ ಸೂಕ್ಷ್ಮವಾದ ವೈರಸ್‌ಗಳೂ ಇದಕ್ಕೆ ಕಾರಣವಾಗುತ್ತವೆ. ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಮಹಾಶಯರು ೧೮೬೫ರಿಂದ ಕೆಲವು ವರ್ಷಗಳ ಕಾಲ ಆ ದೇಶದ ದಕ್ಷಿಣ ಭಾಗದಲ್ಲಿ ರೇಷ್ಮೆಹುಳುಗಳ ರೋಗಗಳನ್ನು ಪರೀಕ್ಷಿಸಿ, ಗಂಟು ರೋಗವೂ ಸಪ್ಪೆ ರೋಗವೂ ಬೇರೆಬೇರೆ ಎಂಬುದನ್ನು ತೋರಿಸಿ, ೧೮೭೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಸೆಕೆ, ಇಕ್ಕಟ್ಟು, ಗಾಳಿಯಾಡದ ಮನೆ, ಕೆಟ್ಟ ಸೊಪ್ಪು ಇವುಗಳಿಂದ ಸಪ್ಪೆ ರೋಗವು ಬಲಗೊಳ್ಳುವುದೆಂಬುದು ಅಂದಿನಿಂದಲೂ ತಿಳಿದಿರುವ ಸಂಗತಿ.

ರೋಗದ ಬ್ಯಾಕ್ಟೀರಿಯವು ಸಾಮಾನ್ಯವಾಗಿ ಸೊಪ್ಪಿನೊಡನೆ ಹುಳುವಿನ ಕರುಳನ್ನು ಸೇರುವುದು. ಚರ್ಮಕ್ಕೆ ಗಾಯವಾದಲ್ಲಿ ನೇರವಾಗಿ ರಕ್ತವನ್ನೂ ಸೇರಬಹುದು. ಅದು ಎಷ್ಟು ಸಣ್ಣದೆಂದರೆ, ಸಾಮಾನ್ಯ ಗಾತ್ರದವುಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲ್ಲಿಮೀಟರಿನ ಉದ್ದದಲ್ಲಿ ಹೆಚ್ಚುಕಡಿಮೆ ಸಾವಿರ ಹಿಡಿಯುವುವು.

ಹುಳುವಿಗೆ ತನ್ನದೇ ಆದ ಔಷಧವುಂಟು

ಮನುಷ್ಯರಿಗೂ ದನಕರುಗಳಿಗೂ ಲಸಿಕೆ ಹಾಕಿದರೆ ರಕ್ತದಲ್ಲಿ ಆಯಾ ರೋಗಕ್ಕೆ ತಕ್ಕ ಪ್ರತಿವಸ್ತುಗಳು ಹುಟ್ಟಿ ಬಹುಕಾಲ ರಕ್ಷಿಸುವುವು. ಕೀಟಗಳಲ್ಲಿ ಇಂತಹ ಪ್ರತಿವಸ್ತುಗಳಿಲ್ಲ. ಹಾಗಿದ್ದರೂ ಕೀಟಗಳು ರೋಗಾಣುಗಳ ನಡುವೆಯೇ ಬದುಕಿ ಬಾಳುತ್ತಿವೆ. ಇದು ಹೇಗೆ ಸಾಧ್ಯವೆಂಬುದನ್ನು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಹಾನ್ಸ್ ಬೋಮನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಶೋಧಿಸಿದರು. ಸಿಕ್ರೋಪಿಯ ಎಂಬ ಅಮೆರಿಕದ ಕಾಡುರೇಷ್ಮೆ ಪತಂಗದ ಪ್ಯೂಪಗಳಿಗೆ ಅವರು ಬ್ಯಾಕ್ಟೀರಿಯವನ್ನು ಚುಚ್ಚಿದರು. ಬಳಿಕ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಶಕ್ತಿಯು ಹೊಸದಾಗಿ ಹುಟ್ಟಿತ್ತು. ಆ ಶಕ್ತಿಯುಳ್ಳ ಪದಾರ್ಥಗಳನ್ನು ಬೇರ್ಪಡಿಸಿ, ಅವುಗಳಿಗೆ ಸಿಕ್ರೋಪಿನ್ ಎಂದು ಹೆಸರಿಟ್ಟು, ೧೯೮೧ರಲ್ಲಿ ಅವುಗಳ ರಚನೆಯನ್ನು ಪ್ರಕಟಿಸಿದರು.

ಸಿಕ್ರೋಪಿನ್ ಎಂಬುದು ಪೆಪ್ಟೈಡ್ ವರ್ಗಕ್ಕೆ ಸೇರಿದ ಪದಾರ್ಥ. ಹಾಲು, ಬೇಳೆ, ಮಾಂಸಗಳಲ್ಲಿರುವ ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರಗಳಿದ್ದಂತೆ. ಅಂತಹ ಚಿಕ್ಕ ಸರವೇ ಪೆಪ್ಟೈಡು. ಸಿಕ್ರೋಪಿನ್ ‘ಎ’ ಎಂಬುದರಲ್ಲಿ ೩೭ ಮಣಿಗಳೂ ‘ಬಿ’ ಎಂಬುದರಲ್ಲಿ ೩೫ ಮಣಿಗಳೂ ಇವೆ. ನಾವು ಸಾಕುವ ಹಿಪ್ಪುನೇರಳೆ ರೇಷ್ಮೆಹುಳುವಿನಲ್ಲಿಯೂ ಸಿಕ್ರೋಪಿನ್‌ಗಳು ಇವೆ. ಅಲ್ಲದೆ ೧೯೯೫ರಲ್ಲಿ ಜಪಾನಿನ ವಿದ್ವಾಂಸರು ಇದೇ ಹುಳುವಿನ ರಕ್ತದಲ್ಲಿ ೪೨ ಮಣಿಗಳ ಮೋರಿಸಿನ್ ಎಂಬ ಇನ್ನೊಂದು ಪೆಪ್ಟೈಡನ್ನು ಕಂಡುಹಿಡಿದರು. ರಕ್ತಕ್ಕೆ ಬ್ಯಾಕ್ಟೀರಿಯವು ಸೇರಿದ ಸುಳಿವು ಸಿಕ್ಕೊಡನೆ ಹುಳುವಿನ ಕೊಬ್ಬಿನ ಅಂಗವೂ ರಕ್ತಕಣಗಳೂ ಇವುಗಳನ್ನು ತಯಾರಿಸಿ ರಕ್ತಕ್ಕೆ ಬಿಡುವುವು.

ಇಂತಹ ಕಾವಲು ಹುಳುವಿಗೆ ಮಾತ್ರ ಮೀಸಲಾದುದಲ್ಲ. ಹಸುವಿನ ಶ್ವಾಸನಾಳದಲ್ಲಿ ೧೯೯೧ರಲ್ಲಿಯೂ ಅದರ ನಾಲಗೆಯಲ್ಲಿ ೧೯೯೫ರಲ್ಲಿಯೂ ಇದೇ ಬಗೆಯ ಪೆಪ್ಟೈಡುಗಳು ಕಂಡುಬಂದುವು. ಕಪ್ಪೆಯ ಚರ್ಮದಲ್ಲಿಯೂ ಮನುಷ್ಯನ ಚರ್ಮದಲ್ಲಿಯೂ ಇವು ಇವೆ.

ಬ್ಯಾಕ್ಟೀರಿಯದ ಪೊರೆ

ಬ್ಯಾಕ್ಟೀರಿಯದ ಜೀವವನ್ನು ಸುತ್ತಿರುವುದು ಒಂದು ತೆಳುವಾದ ಕೊಬ್ಬಿನ ಪೊರೆ. ಇಂತಹ ಸುಮಾರು ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲ್ಲಿಮೀಟರು ದಪ್ಪವಾಗಬಹುದು. ಕೊಬ್ಬಿನ ಅಣುಗಳು ಎರಡು ಸಾಲಾಗಿ, ನೀರನ್ನು ಒಲ್ಲದ ಬಾಲಗಳನ್ನು ಒಳಕ್ಕೂ ನೀರಿಗೆ ಒಗ್ಗುವ ತಲೆಗಳನ್ನು ಹೊರಕ್ಕೂ ಮಾಡಿ ನಿಂತಿರುವುದರಿಂದ, ಕಡಲೆಕಾಯಿ ಎಣ್ಣೆಯಲ್ಲಿ ಉಪ್ಪು ಕರಗದಿರುವಂತೆಯೇ, ಉಪ್ಪಿನ ಕಣಗಳು ಈ ಪೊರೆಯನ್ನು ಸುಲಭವಾಗಿ ದಾಟಲಾರವು.

ಈ ಪೊರೆಯ ಕೆಲಸವನ್ನು ತಿಳಿಯಲು ನಮ್ಮ ಕೆರೆಯ ಏರಿಯನ್ನು ನೆನೆಯುವುದು ಸಾಕು. ಏರಿಯ ಒಳಗಡೆ ನೀರು ಎತ್ತರದಲ್ಲಿ ನಿಂತಿರುವುದು, ಅಚ್ಚುಕಟ್ಟು ತಗ್ಗಿನಲ್ಲಿರುವುದು. ಈ ಎತ್ತರ ತಗ್ಗುಗಳ ವ್ಯತ್ಯಾಸದಿಂದಲೇ ತೂಬಿನಲ್ಲಿ ನೀರು ಹರಿದು ಗದ್ದೆಗೆ ಉಪಯೋಗವಾಗುವುದು. ಬ್ಯಾಕ್ಟೀರಿಯವೂ ಹಾಗೆಯೇ ವಿದ್ಯುತ್ತಿನಿಂದ ಕೂಡಿದ ಕಣಗಳನ್ನು ಪೊರೆಯ ಒಂದು ಕಡೆಗೆ ತಳ್ಳಿ ಕೂಡಿಸಿಟ್ಟು, ಅವು ಪೊರೆಯಲ್ಲಿರುವ ಸಣ್ಣ ತೂಬುಗಳ ಮೂಲಕ ಹಿಂದಿರುಗುವಾಗ ಆ ಹರಿವಿನಿಂದ ತನ್ನ ಜೀವನಕ್ಕೆ ಬೇಕಾದ ಶಕ್ತಿಯನ್ನು ಪಡೆಯುವುದು. ಏರಿ ಒಡೆದರೆ ತೂಬು ಎಷ್ಟೇ ಭದ್ರವಾಗಿದ್ದರೂ ಪ್ರಯೋಜನವಿಲ್ಲ. ಪೊರೆಯು ತೂತಾದ ಬ್ಯಾಕ್ಟೀರಿಯದ ಗತಿಯೂ ಅದೇ.

ಪೆಪ್ಟೈಡು ಪೊರೆಯನ್ನು ಭೇದಿಸುವ ಬಗೆ

ಬ್ಯಾಕ್ಟೀರಿಯದ ಪೊರೆಯ ಹೊರಮೈಯಲ್ಲಿ ಋಣ ವಿದ್ಯುತ್ತು ಹೆಚ್ಚಾಗಿದೆ. ಸಿಕ್ರೋಪಿನ್ನಿನ ಮಣಿಗಳಲ್ಲಿ ಹಲವು ಧನ ವಿದ್ಯುತ್ತುಳ್ಳವು. ವಿರುದ್ಧ ವಿದ್ಯುತ್ತುಗಳು ಒಂದನ್ನೊಂದು ಸೆಳೆಯುವುದರಿಂದ ಪೆಪ್ಟೈಡು ತಾನಾಗಿಯೇ ಬ್ಯಾಕ್ಟೀರಿಯದ ಮೈಗೆ ಅಂಟಿಕೊಳ್ಳುವುದು. ನೀರಿನಲ್ಲಿ ಗೊತ್ತಾದ ಆಕಾರವಿಲ್ಲದ ಸರವಾಗಿದ್ದ ಅದು, ಪೊರೆಯನ್ನು ಮುಟ್ಟಿದೊಡನೆ ಬುಗುಡಿಯ ಸುರುಳಿಯಂತೆ ಸುತ್ತಿಕೊಳ್ಳುವುದು. ಆ ಸುರುಳಿಯ ಒಂದು ಮಗ್ಗುಲು ನೀರಿಗೂ ಮತ್ತೊಂದು ಮಗ್ಗುಲು ಎಣ್ಣೆಗೂ ಒಗ್ಗುವಂತಹುದು. ಅಂಟುವಾಳದ ನೊರೆಗೆ ಜಿಡ್ಡನ್ನು ಬಿಡಿಸುವ ಶಕ್ತಿಯು ಬಂದಿರುವುದೂ ಇಂತಹ ಎರಡು ಮಗ್ಗುಲಿನ ಗುಣದಿಂದಲೇ.

ಒಂದೆರಡು ಪೆಪ್ಟೈಡುಗಳಿಂದ ಪೊರೆಗೆ ಹಾನಿಯಿಲ್ಲ. ಅವು ಸಾಕಷ್ಟು ಸಂಖ್ಯೆಯಲ್ಲಿ ಕೂಡಿದಾಗ ಮಾತ್ರ ಪೊರೆಯು ಸೋಲುವುದು. ಈ ಸೋಲಿಗೆ ವಿದ್ವಾಂಸರು ಮೂರು ದಾರಿಗಳನ್ನು ಹೇಳುತ್ತಾರೆ. ಮೊದಲನೆಯದು, ಪೀಪಾಯಿಯ ಪಟ್ಟಿಗಳಂತೆ ಸುರುಳಿಗಳು ದುಂಡಾಗಿ ನಿಂತು ನಡುವೆ ಕೊಳವೆಯನ್ನು ಮಾಡುವುದು. ಎರಡನೆಯದು, ಪೆಪ್ಟೈಡುಗಳ ಸಂಗಡ ಪೊರೆಯ ಕೊಬ್ಬೂ ಬಾಗಿ ಇಬ್ಬರೂ ಸೇರಿ ರಂಧ್ರದ ಅಂಚಾಗುವುದು. ಮೂರನೆಯದು, ಪೆಪ್ಟೈಡುಗಳು ಚಾಪೆ ಹಾಸಿದಂತೆ ಮೇಲೆ ಹರಡಿಕೊಂಡು, ಮಿತಿ ಮೀರಿದಾಗ ಪೊರೆಯನ್ನು ಅಂಟುವಾಳದಂತೆ ಚೂರುಚೂರಾಗಿ ಬಿಡಿಸುವುದು. ಯಾವ ದಾರಿಯಾದರೂ ಫಲ ಒಂದೇ: ಒಳಗಿನ ಉಪ್ಪುಗಳು ಸೋರಿ, ಎರಡು ಕಡೆಗಳ ವ್ಯತ್ಯಾಸವು ಅಳಿದು, ಬ್ಯಾಕ್ಟೀರಿಯವು ಸ್ವಲ್ಪ ಹೊತ್ತಿನಲ್ಲಿಯೇ ಸಾಯುವುದು.

ಪೆಪ್ಟೈಡು ಪೊರೆಯ ಮೇಲೆಯೇ ಕೆಲಸ ಮಾಡುವುದೆಂಬುದಕ್ಕೆ ೧೯೯೦ರಲ್ಲಿ ಒಂದು ಒಳ್ಳೆಯ ನಿದರ್ಶನ ದೊರೆಯಿತು. ಎಡಗಾಲಿನ ಮೆಟ್ಟು ಬಲಗಾಲಿಗೆ ಸರಿಹೊಂದದು. ಹಾಗೆಯೇ ಬೀಗಕ್ಕೆ ಕೈಯಂತೆ ಕೆಲಸ ಮಾಡುವ ಔಷಧಗಳ ಕನ್ನಡಿಯ ಪ್ರತಿರೂಪವನ್ನು ತಯಾರಿಸಿದರೆ ಅದು ಸಾಮಾನ್ಯವಾಗಿ ನಿಷ್ಫಲವಾಗುವುದು. ಬೋಮನ್‌ರವರೂ ಅಮೆರಿಕದ ಬ್ರೂಸ್ ಮೆರಿಫೀಲ್ಡ್‌ರವರೂ ಅವರ ಸಂಗಡಿಗರೂ ಸಿಕ್ರೋಪಿನ್ನಿಗೆ ಸಂಬಂಧಪಟ್ಟ ಪೆಪ್ಟೈಡುಗಳ ಕನ್ನಡಿ ರೂಪವನ್ನು ತಯಾರಿಸಿ ನೋಡಲು, ಅದೂ ಮೂಲದಂತೆಯೇ ಬ್ಯಾಕ್ಟೀರಿಯಗಳನ್ನು ಕೊಂದಿತು. ಆದುದರಿಂದ ಇದಕ್ಕೆ ಬೇಕಾದುದು ಬೀಗದ ರಂಧ್ರವಲ್ಲ, ಪೊರೆಯೇ ಎಂಬುದು ಸ್ಪಷ್ಟವಾಯಿತು.

ಹುಳುವಿನ ಸ್ವಂತ ಮೈಗೆ ಏಕೆ ಹಾನಿಯಿಲ್ಲ

ಪ್ರಾಣಿಗಳ ಜೀವಕಣಗಳಿಗೂ ಕೊಬ್ಬಿನ ಪೊರೆಯುಂಟು. ಆದರೆ ಅದರ ಹೊರಮೈಯಲ್ಲಿ ಧನ ಋಣಗಳು ಹೆಚ್ಚುಕಡಿಮೆ ಸಮನಾಗಿರುವುದರಿಂದ ಪೆಪ್ಟೈಡಿಗೆ ಅಲ್ಲಿ ಬಲವಾದ ಸೆಳೆತವಿಲ್ಲ. ಅಲ್ಲದೆ ಕೊಲೆಸ್ಟರಾಲ್ ಎಂಬ ಪದಾರ್ಥವು ಸೇರಿ ಪೊರೆಯನ್ನು ಗಟ್ಟಿಮಾಡಿರುವುದು. ಎಲ್ಲ ಪೆಪ್ಟೈಡುಗಳೂ ಈ ವಿವೇಚನೆಯುಳ್ಳವಲ್ಲ. ಜೇನುಹುಳುವಿನ ವಿಷದಲ್ಲಿರುವ ೨೬ ಮಣಿಗಳ ಮೆಲಿಟಿನ್ ಎಂಬುದು ಬ್ಯಾಕ್ಟೀರಿಯವನ್ನು ಭೇದಿಸುವಂತೆಯೇ ನಮ್ಮ ರಕ್ತಕಣಗಳನ್ನೂ ಭೇದಿಸುವುದು. ಸಿಕ್ರೋಪಿನ್ನು ಶತ್ರುವನ್ನು ಗುರುತಿಸುವ ಕಾವಲುಗಾರನಂತೆ, ಮೆಲಿಟಿನ್ನು ಎದುರಿಗೆ ಬಂದವರನ್ನೆಲ್ಲ ಹೊಡೆಯುವವನಂತೆ ಎಂದು ತಿಳಿಯಬಹುದು.

ಈ ಕಾವಲಿನ ಮಿತಿ

ರೈತರು ಮುಖ್ಯವಾಗಿ ಗಮನಿಸತಕ್ಕ ಭಾಗ ಇದು. ಹುಳುವಿನಲ್ಲಿ ಇಷ್ಟು ಒಳ್ಳೆಯ ಔಷಧವಿದ್ದರೂ ಸಪ್ಪೆ ರೋಗವೇಕೆ ಬರುವುದು? ಇದಕ್ಕೆ ಮೂರು ಕಾರಣಗಳುಂಟು.

ಮೊದಲನೆಯದು ಕಾಲ. ಪೆಪ್ಟೈಡುಗಳು ರಕ್ತದಲ್ಲಿ ಮೊದಲೇ ತುಂಬಿಟ್ಟಿರುವ ಪದಾರ್ಥಗಳಲ್ಲ. ಬ್ಯಾಕ್ಟೀರಿಯದ ಸುಳಿವು ಸಿಕ್ಕ ಮೇಲೆ ಅವು ಸಾಕಷ್ಟು ತಯಾರಾಗಲು ಕೆಲವು ಗಂಟೆಗಳು ಬೇಕು. ಅನುಕೂಲವಾದ ಶಾಖದಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಗಳಿಗೊಮ್ಮೆ ಒಂದು ಎರಡಾಗುವುವು. ಅಡೆತಡೆಯಿಲ್ಲದಿದ್ದರೆ ಒಂದೇ ಬ್ಯಾಕ್ಟೀರಿಯವು ಐದು ಗಂಟೆಗಳಲ್ಲಿ ೩೨,೭೬೮ ಆಗುವುದು. ಹತ್ತರಿಂದ ಪ್ರಾರಂಭವಾದರೆ ಮೂರು ಲಕ್ಷಕ್ಕೆ ಮೀರುವುದು.

ಎರಡನೆಯದು ಸಂಖ್ಯೆ. ಒಂದೊಂದು ಬ್ಯಾಕ್ಟೀರಿಯವನ್ನು ಕೊಲ್ಲಲು ಅದರ ಮೈಮೇಲೆ ಬಹು ಪೆಪ್ಟೈಡುಗಳು ಕೂಡಬೇಕೆಂದು ಮೇಲೆ ಹೇಳಿದೆ. ಶತ್ರುಗಳು ವಿಪರೀತವಾದರೆ ಇದ್ದ ಪೆಪ್ಟೈಡುಗಳು ಹಂಚಿಹೋಗಿ ಯಾವುದರ ಮೇಲೂ ಸಾಲದಾಗುವುವು. ಸೊಪ್ಪು ಸಾಲದೆ, ಸೆಕೆಯಿಂದ ಬಳಲಿದ ಹುಳುವಿಗೆ ಇವುಗಳನ್ನು ತಯಾರಿಸುವ ಶಕ್ತಿಯೂ ಕುಂದುವುದು.

ಮೂರನೆಯದು ಶತ್ರುವಿನ ಉಪಾಯ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವನ್ನು ೧೯೦೧ರಲ್ಲಿ ಜಪಾನಿನ ಇಷಿವಾತ ಎಂಬವರು ಸತ್ತ ರೇಷ್ಮೆಹುಳುಗಳಲ್ಲಿಯೇ ಮೊದಲು ಕಂಡರು. ಇದು ಸಿಕ್ರೋಪಿನ್ನನ್ನು ಕತ್ತರಿಸಿಹಾಕುವ ಪದಾರ್ಥವೊಂದನ್ನು ಸ್ರವಿಸುವುದೆಂದು ೧೯೮೪ರಲ್ಲಿ ತಿಳಿದುಬಂದಿತು. ಅಷ್ಟೇ ಅಲ್ಲದೆ ಇದರ ಹರಳಿನಂತಹ ವಿಷವು ಹುಳುವಿನ ಕ್ಷಾರಗುಣದ ಕರುಳಿನಲ್ಲಿ ಕರಗಿ ಕರುಳಿನ ಪೊರೆಯನ್ನೇ ತೂತು ಮಾಡುವುದು. ಹುಳುವು ಶತ್ರುವಿನ ಮೇಲೆ ಪ್ರಯೋಗಿಸುವ ಉಪಾಯವನ್ನೇ ಶತ್ರುವು ಹುಳುವಿನ ಮೇಲೆ ಪ್ರಯೋಗಿಸಿದಂತಾಯಿತು. ಈಗ ಅಂಗಡಿಗಳಲ್ಲಿ ಬಿ.ಟಿ. ಪುಡಿ ಎಂದು ಮಾರುವ ಕೀಟನಾಶಕವು ಇದೇ ಬ್ಯಾಕ್ಟೀರಿಯದಿಂದ ತಯಾರಾದುದು. ತರಕಾರಿಯ ಹುಳುವಿಗೆ ಅದು ಒಳ್ಳೆಯ ಔಷಧವೇ ಆದರೂ, ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಗಾಳಿಯಲ್ಲಿ ತೇಲಿಬಂದರೆ ರೇಷ್ಮೆಹುಳುಗಳಿಗೆ ಮೃತ್ಯು.

ಪೇಟೆಯ ಔಷಧಿಗಳ ವಿಚಾರ

ಮನುಷ್ಯರಿಗೆ ಕೊಡುವ ಆಂಟಿಬಯಾಟಿಕ್ ಗುಳಿಗೆಗಳನ್ನು ಪುಡಿಮಾಡಿ ಸೊಪ್ಪಿಗೆ ಬಳಿಯುವ ಅಭ್ಯಾಸವು ಕೆಲವೆಡೆ ಇದೆ. ವೈರಸ್ಸಿನಿಂದ ಬಂದ ರೋಗಕ್ಕೆ ಇದರಿಂದ ಏನೂ ಪ್ರಯೋಜನವಿಲ್ಲ. ಕರುಳು ಒಡೆದ ಹುಳುವನ್ನು ಇದು ಬದುಕಿಸಲಾರದು. ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಅದನ್ನು ಕಾಲಿಸ್ಟಿನ್ ಎಂಬ ಔಷಧಿಯ ಚರಿತ್ರೆಯಿಂದ ತಿಳಿಯಬಹುದು.

ಕಾಲಿಸ್ಟಿನ್ ಎಂಬುದು ಮಣ್ಣಿನ ಬ್ಯಾಕ್ಟೀರಿಯವೊಂದು ತಯಾರಿಸುವ ಪೆಪ್ಟೈಡು. ಸಿಕ್ರೋಪಿನ್ನಿನಂತೆಯೇ ಧನ ವಿದ್ಯುತ್ತಿನ ಬಲದಿಂದ ಬ್ಯಾಕ್ಟೀರಿಯದ ಹೊರಪೊರೆಗೆ ಅಂಟಿ ಅದನ್ನು ಕೆಡಿಸುವುದು. ಬೇರೆ ಔಷಧಗಳಿಗೆ ಬಗ್ಗದ ರೋಗಗಳಲ್ಲಿ ವೈದ್ಯರು ಕಡೆಯ ಆಸರೆಯಾಗಿ ಇದನ್ನು ಉಪಯೋಗಿಸುತ್ತಾರೆ. ಕೋಳಿ, ಹಂದಿಗಳ ಮೇವಿನಲ್ಲಿ ಇದನ್ನು ಧಾರಾಳವಾಗಿ ಬೆರೆಸುತ್ತ ಬಂದುದರಿಂದ ತಡೆಯುವ ಶಕ್ತಿಯುಳ್ಳ ಬ್ಯಾಕ್ಟೀರಿಯಗಳು ಬಲಗೊಂಡವು. ಇವು ತಮ್ಮ ಪೊರೆಯ ಋಣ ವಿದ್ಯುತ್ತನ್ನು ತಗ್ಗಿಸಿಕೊಂಡು ಪೆಪ್ಟೈಡಿನ ಸೆಳೆತವನ್ನೇ ತಪ್ಪಿಸಿಕೊಳ್ಳುವುವು. ಈ ವಿದ್ಯೆಯನ್ನು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಿಸಬಲ್ಲ ಜೀನ್ ೨೦೧೫ರಲ್ಲಿ ಚೀನಾ ದೇಶದಲ್ಲಿ ಪತ್ತೆಯಾಯಿತು. ೨೦೧೯ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಮೇವಿನ ಪೂರಕಗಳಿಗೂ ಕಾಲಿಸ್ಟಿನ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು.

ಹುಳುಮನೆಯಲ್ಲಿ ಬಳಿದ ಔಷಧಿಯು ಕಸದೊಡನೆ ತಿಪ್ಪೆಗೂ ತಿಪ್ಪೆಯಿಂದ ಹೊಲಕ್ಕೂ ಹೋಗುವುದು. ಅಲ್ಲಿ ಅದನ್ನು ತಡೆಯಬಲ್ಲ ಬ್ಯಾಕ್ಟೀರಿಯಗಳೇ ಉಳಿದು ಬೆಳೆಯುವುವು. ನಾಳೆ ನಮ್ಮ ಮನೆಯ ಮಗುವಿಗೆ ಕಾಯಿಲೆಯಾದಾಗ ಅದೇ ಔಷಧಿಯು ಕೆಲಸ ಮಾಡದೆ ಹೋಗಬಹುದು. ಇದು ಒಬ್ಬರ ಬೆಳೆಯ ಪ್ರಶ್ನೆಯಲ್ಲ, ಇಡೀ ಗ್ರಾಮದ ಆರೋಗ್ಯದ ಪ್ರಶ್ನೆ.

ಆಚರಿಸತಕ್ಕ ಕ್ರಮಗಳು

ಹುಳುವಿನ ರಕ್ತದಲ್ಲಿ ಕಾವಲಿರುವಾಗ ನಮ್ಮ ಕರ್ತವ್ಯವು ಎರಡೇ: ಕಾವಲಿಗೆ ಎದುರಾಗುವ ಶತ್ರುಗಳ ಸಂಖ್ಯೆಯನ್ನು ತಗ್ಗಿಸುವುದು, ಹುಳುವಿನ ಬಲವನ್ನು ಕಾಪಾಡುವುದು.

೧. ಗೂಡು ಬಿಡಿಸಿದ ಕೂಡಲೇ ಹುಳುಮನೆಯನ್ನೂ ತಟ್ಟೆ ಚಂದ್ರಿಕೆಗಳನ್ನೂ ತೊಳೆದು ಸೋಂಕು ನಿವಾರಣೆ ಮಾಡತಕ್ಕದ್ದು. ಮುಂದಿನ ಚಾಕಿ ಹುಳುಗಳನ್ನು ತರುವುದಕ್ಕೆ ಮೂರು ನಾಲ್ಕು ದಿನಗಳ ಮುಂಚೆ ಮತ್ತೊಮ್ಮೆ ಮಾಡತಕ್ಕದ್ದು. ನೂರು ಲೀಟರು ನೀರಿಗೆ ೨ ಕಿಲೋಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನೂ ೩೦೦ ಗ್ರಾಂ ಅರಳಿದ ಸುಣ್ಣವನ್ನೂ ಸೇರಿಸಿ ಗೋಡೆ ನೆಲಗಳು ಚೆನ್ನಾಗಿ ತೊಯ್ಯುವಂತೆ ಸಿಂಪಡಿಸಬೇಕು. ಗಾಳಿಗೆ ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವವಿರುವುದಿಲ್ಲ. ಸಿಂಪಡಿಸುವವರು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ಕಣ್ಣುಗಳನ್ನು ಕಾಪಾಡಿಕೊಳ್ಳಬೇಕು.

೨. ಹುಳುಗಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ಹಾಸಿಗೆಯು ಒಣಗುವಂತೆ ಅರಳಿದ ಸುಣ್ಣದ ಪುಡಿಯನ್ನು ತೆಳುವಾಗಿ ಎರಚಬೇಕು. ನೂರಕ್ಕೆ ತೊಂಬತ್ತೈದು ಹುಳುಗಳು ಜ್ವರದಿಂದ ಎದ್ದ ಮೇಲೆಯೇ ಸೊಪ್ಪು ಕೊಡಬೇಕು.

೩. ಮಳೆಯಲ್ಲಿ ತೊಯ್ದ ಸೊಪ್ಪು, ರಸ್ತೆಯ ಧೂಳು ಹಿಡಿದ ಸೊಪ್ಪು, ರಾಶಿ ಹಾಕಿ ಕಾವೇರಿದ ಸೊಪ್ಪು ಇವುಗಳನ್ನು ಕೊಡಲೇಕೂಡದು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ ಕೊಯ್ದು ಒದ್ದೆ ಬಟ್ಟೆಯ ಮರೆಯಲ್ಲಿ ಇಡಬೇಕು.

೪. ದೊಡ್ಡ ಹುಳುಗಳಿಗೆ ೨೩ರಿಂದ ೨೫ ಡಿಗ್ರಿ ಸೆಂಟಿಗ್ರೇಡ್ ಶಾಖವು ಹಿತಕರ. ನಮ್ಮ ಸೀಮೆಯ ಬೇಸಿಗೆಯಲ್ಲಿ ಇದು ಕಷ್ಟಸಾಧ್ಯವಾದರೂ, ಛಾವಣಿಯ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ, ಗಾಳಿಯಾಡುವಂತೆ ನೋಡಿಕೊಂಡರೆ ಸೆಕೆಯು ಬಹುಮಟ್ಟಿಗೆ ತಗ್ಗುವುದು.

೫. ಇಕ್ಕಟ್ಟು ಕೂಡದು. ನೂರು ಮೊಟ್ಟೆಯ ಹುಳುಗಳಿಗೆ ಕಡೆಯ ಹಂತದಲ್ಲಿ ಸುಮಾರು ೭೦೦ ಚದರಡಿ ಹಾಸಿಗೆಯು ಬೇಕು. ಸ್ಥಳವು ಅರ್ಧವಿದ್ದರೆ ಮೊಟ್ಟೆಯನ್ನೂ ಅರ್ಧ ತರುವುದೇ ಲಾಭ.

೬. ರೋಗದ ಹುಳುಗಳನ್ನು ಕಡ್ಡಿಯಿಂದ ಆಯ್ದು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿದ ನೀರಿನ ಬೋಗುಣಿಯಲ್ಲಿ ಹಾಕಿ, ಬಳಿಕ ಆಳವಾಗಿ ಹೂಳಬೇಕು. ಅಂಗಳದಲ್ಲಿ ಎಸೆಯಬಾರದು, ಕೋಳಿಗಳಿಗೆ ಹಾಕಬಾರದು.

೭. ಹಿಪ್ಪುನೇರಳೆ ತೋಟದ ಸಮೀಪದಲ್ಲಿ ಬಿ.ಟಿ. ಪುಡಿಯನ್ನಾಗಲಿ ಇತರ ಕೀಟನಾಶಕವನ್ನಾಗಲಿ ಸಿಂಪಡಿಸುವವರು ಮುಂಚಿತವಾಗಿ ನೆರೆಯವರಿಗೆ ತಿಳಿಸಬೇಕು.

೮. ರೋಗ ಕಂಡಾಗ ಅಂಗಡಿಯ ಗುಳಿಗೆಯನ್ನು ನಂಬದೆ ರೇಷ್ಮೆ ಇಲಾಖೆಯ ನೌಕರರಿಗೆ ಹುಳುಗಳನ್ನು ತೋರಿಸತಕ್ಕದ್ದು.

ಮುಕ್ತಾಯ

ಎದುರುಬದುರು ಮನೆಗಳ ಇಬ್ಬರು ರೈತರ ಹುಳುಗಳ ರಕ್ತದಲ್ಲಿಯೂ ಒಂದೇ ಕಾವಲಿತ್ತು. ನಷ್ಟಪಟ್ಟವರ ಮನೆಯಲ್ಲಿ ಹಿಂದಿನ ಬೆಳೆಯ ಕಸವು ಮೂಲೆಯಲ್ಲಿಯೇ ಉಳಿದಿತ್ತು. ಮಳೆಯಲ್ಲಿ ತೊಯ್ದ ಸೊಪ್ಪನ್ನು ಆರಿಸದೆ ಕೊಟ್ಟಿದ್ದರು. ನೂರು ಮೊಟ್ಟೆಯ ಹುಳುಗಳು ಐವತ್ತು ಮೊಟ್ಟೆಯ ಸ್ಥಳದಲ್ಲಿದ್ದವು. ಅಲ್ಲಿ ಕಾವಲುಗಾರನ ಮೇಲೆ ಒಂದು ಸೈನ್ಯವನ್ನೇ ನುಗ್ಗಿಸಿದಂತಾಯಿತು. ಎದುರು ಮನೆಯವರು ಬೆಳೆಗೆ ಮೊದಲು ಮನೆಯನ್ನು ಶುದ್ಧಮಾಡಿ, ಜ್ವರ ಜ್ವರಕ್ಕೂ ಸುಣ್ಣ ಎರಚಿ, ಶತ್ರುವಿನ ಸಂಖ್ಯೆಯನ್ನು ಹುಳುವು ತಾನೇ ಗೆಲ್ಲಬಲ್ಲಷ್ಟಕ್ಕೆ ಇಳಿಸಿದ್ದರು. ನ್ಯಾಯವು ಇಷ್ಟೇ.

ಒಂದು ಮನೆಯು ಶುದ್ಧವಾಗಿದ್ದು ಪಕ್ಕದ ಮನೆಯ ತಿಪ್ಪೆಯಲ್ಲಿ ರೋಗದ ಹುಳುಗಳು ಕೊಳೆಯುತ್ತಿದ್ದರೆ ಪ್ರಯೋಜನವು ಅಲ್ಪ. ಆದುದರಿಂದ ಗ್ರಾಮದ ಮುಖಂಡರು ಹುಳು ಸಾಕುವವರೆಲ್ಲರನ್ನೂ ಒಂದು ದಿನ ಕೂಡಿಸಿ, ಸೋಂಕು ನಿವಾರಣೆಯನ್ನು ಎಲ್ಲರೂ ಒಂದೇ ವಾರದಲ್ಲಿ ಮಾಡುವಂತೆಯೂ, ರೋಗದ ಹುಳುಗಳನ್ನು ಹೂಳಲು ಊರ ಹೊರಗೆ ಒಂದು ಗುಂಡಿಯನ್ನು ಗೊತ್ತುಮಾಡುವಂತೆಯೂ ಏರ್ಪಡಿಸಿದರೆ ಬಹಳ ಉಪಕಾರವಾಗುವುದು. ಕೆರೆಯ ಏರಿಯನ್ನು ಊರೆಲ್ಲ ಸೇರಿ ಕಾಯುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಹುಳುಮನೆಯನ್ನೂ ಅದೇ ರೀತಿಯಲ್ಲಿ ಕಾಯುವುದು ಉಚಿತ.